ಹಸಿರು ಅಂತ ತರಿಸಿದ ಫೋನು

ಪಾರ್ಸೆಲ್ ಬಂದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಬಾಯಲ್ಲಿ ನೊರೆ ಇಟ್ಟುಕೊಂಡೇ ಸಹಿ ಹಾಕಿ ಒಳಗೆ ತಂದೆ. ಬ್ರಿಟನ್ನಿನ ಹಳೇ ಡಯಲ್ ಫೋನು, 332 ನಂಬರಿನ ಮಾಡೆಲ್. ಬಣ್ಣ ಹಸಿರು. ಈ ಹುಚ್ಚು ಇರುವವರಿಗೆ ಇಷ್ಟು ಹೇಳಿದರೆ ಸಾಕು, ಎದ್ದು ಕೂರುತ್ತಾರೆ. ಉಳಿದವರಿಗೆ ಸ್ವಲ್ಪ ವಿವರಿಸಬೇಕು.

ಬ್ರಿಟನ್ನಿನಲ್ಲಿ ಆಗ ಫೋನು ಕೊಡುತ್ತಿದ್ದದ್ದು ಅಂಚೆ ಇಲಾಖೆ. 1937ರಲ್ಲಿ ಅವರು 300ರ ಸರಣಿ ಶುರು ಮಾಡಿದರು. ಅದಕ್ಕೂ ಮುಂಚಿನ ಮೇಜಿನ ಫೋನುಗಳಿಗೆ ಗಂಟೆ ಬೇರೆ ಪೆಟ್ಟಿಗೆಯಲ್ಲಿರುತ್ತಿತ್ತು. ಇದರಲ್ಲಿ ಗಂಟೆ ಫೋನಿನ ಹೊಟ್ಟೆಯೊಳಗೇ ಬಂತು. ಅಡಿಯಲ್ಲಿ ನಂಬರು ಬರೆದಿಡುವುದಕ್ಕೆ ಒಂದು ಪುಟ್ಟ ಡ್ರಾಯರ್ ಕೂಡ ಉಂಟು. ಈ ಚೌಕಾಕಾರದ, ಇಳಿಜಾರು ಭುಜದ ರೂಪಕ್ಕೆ ಮೂಲ ನಾರ್ವೆಯ ಕಲಾವಿದ ಜಾನ್ ಹೈಬರ್ಗ್ 1930ರ ದಶಕದ ಶುರುವಿನಲ್ಲಿ ಎರಿಕ್ಸನ್ ಫೋನಿಗೆ ಮಾಡಿದ ವಿನ್ಯಾಸ. ಕಪ್ಪು ಬಣ್ಣದವು ಬೇಕಾದಷ್ಟು ಸಿಗುತ್ತವೆ. ಕೆಂಪು, ದಂತದ ಬಣ್ಣ ಕಡಿಮೆ. ಹಸಿರು ಇನ್ನೂ ಕಡಿಮೆ. ಹಾಗಾಗಿ ಹಸಿರಿಗೆ ಬೆಲೆ ಜಾಸ್ತಿ. ಇಷ್ಟೇ ಕಥೆ.

ನಾನು ಕೊಂಡದ್ದು ಫೋಟೋ ನೋಡಿ. ಆರು ಫೋಟೋ ಇದ್ದವು, ಆರೂ ಮುಂದಿನಿಂದ, ಪಕ್ಕದಿಂದ. ಅಡಿಭಾಗದ್ದು ಒಂದೂ ಇಲ್ಲ. ಕೇಳಬಹುದಿತ್ತು. ಕೇಳಲಿಲ್ಲ. ನಾನು ಕೇಳಿ, ಆತ ಫೋಟೋ ತೆಗೆದು ಕಳಿಸುವಷ್ಟರಲ್ಲಿ ಬೇರೆ ಯಾರಾದರೂ ಹಾರಿಸಿಕೊಂಡು ಹೋದರೆ? ಮೂರು ಕಪ್ಪು ಫೋನು ಬರುವಷ್ಟು ದುಡ್ಡು ಕೊಟ್ಟು, ರಾತ್ರಿ ಒಂದೂವರೆಗೆ ಖುಷಿಯಾಗಿ ಮಲಗಿದೆ.

ಪೆಟ್ಟಿಗೆ ಬಿಚ್ಚಿದಾಗ ಮೊದಲು ಕಂಡದ್ದು ಹೊಳಪು. ಥಳಥಳ ಅನ್ನುತ್ತಿತ್ತು. ಅಷ್ಟು ಹಳೇ ವಸ್ತು ಅಷ್ಟು ಹೊಳೆಯಬಾರದು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಆಸೆ ಇದ್ದ ಕಡೆ ಅನುಮಾನಕ್ಕೆ ಜಾಗ ಸಿಗಬೇಕಲ್ಲ. ಸೊನ್ನೆಗೆ ಬೆರಳಿಟ್ಟು ತಿರುಗಿಸಿ ಬಿಟ್ಟೆ. ಡಯಲ್ ನಿದ್ದೆಯಿಂದ ಎದ್ದ ಹಾಗೆ ಕರ್… ಕರ್… ಎನ್ನುತ್ತಾ ವಾಪಸು ಬಂತು. ಸೊನ್ನೆ ಅಂದರೆ ಹತ್ತು ಸಲ ಲೈನು ಕಡಿದು ಕೂಡುವುದು, ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ. ಅಂದರೆ ಒಂದು ಸೆಕೆಂಡಿಗಿಂತ ತುಸು ಜಾಸ್ತಿ ಹೊತ್ತಲ್ಲಿ ವಾಪಸು ಬರಬೇಕು. ಇದು ಎರಡು ಸೆಕೆಂಡು ತಗೊಂಡಿತು. ಅದೇನು ದೊಡ್ಡ ದೋಷವಲ್ಲ, ಒಳಗಿನ ಹಳೇ ಎಣ್ಣೆ ಗಟ್ಟಿಯಾಗಿರುತ್ತದೆ. ನಾನಂತೂ ಅದನ್ನೇ ಹಿಡಿದುಕೊಂಡೆ: ನೋಡು, ಎಷ್ಟು ವರ್ಷದಿಂದ ಯಾರೂ ಮುಟ್ಟಿಲ್ಲ, ಅಸಲಿ ಮಾಲು!

ಸಂಜೆ ಹಿರಿಯರೊಬ್ಬರು ಬಂದರು. ನನಗಿಂತ ಇಪ್ಪತ್ತು ವರ್ಷ ಹೆಚ್ಚು ಕಾಲ ಫೋನು ಕೂಡಿಹಾಕಿದವರು. ನಾನು ಮೇಜಿನ ಮೇಲೆ ಬಟ್ಟೆ ಹಾಸಿ, ಫೋನನ್ನು ದೇವರ ಹಾಗೆ ನಡುವೆ ಕೂರಿಸಿದ್ದೆ. ಅವರು ಮುಂದಿನಿಂದ ನೋಡಲೇ ಇಲ್ಲ. ಕುಳಿತವರೇ ಅದನ್ನು ಎತ್ತಿ ತಲೆಕೆಳಗು ಮಾಡಿದರು.

“ಮುಖ ಎಲ್ಲರೂ ತೊಳೀತಾರೆ ಕಣಪ್ಪಾ. ಅಡಿ ನೋಡ್ಬೇಕು.”

ಆಮೇಲೆ ಬೆರಳಿನ ಗೆಣ್ಣಿನಿಂದ ಮೈಮೇಲೆ ಎರಡು ಸಲ ಕುಟ್ಟಿದರು, ತೆಂಗಿನಕಾಯಿ ನೋಡುವ ಹಾಗೆ. ಏನೂ ಹೇಳಲಿಲ್ಲ. ರಿಸೀವರ್ ಕೈಗೆ ತಗೊಂಡು, ಕಿವಿಗೆ ಇಡುವ ಕಡೆಯ ಮುಚ್ಚಳ ತಿರುಗಿಸತೊಡಗಿದರು. ಅದು ಬಿಗಿಯಾಗಿತ್ತು. ಕಿರ್ ಅಂತ ಸದ್ದು ಮಾಡಿ ಬಿಟ್ಟಿತು. ಮುಚ್ಚಳ ತೆಗೆದು ನನ್ನ ಕಡೆ ಹಿಡಿದರು. ಹೊರಗೆ ಹಸಿರು. ತಿರುಪಿನ ಸುತ್ತುಗಳ ಮೇಲೆ ಮಾತ್ರ ಹಸಿರು ಸಿಪ್ಪೆ ಸುಲಿದು, ಒಳಗಿನಿಂದ ಕಪ್ಪು ಇಣುಕುತ್ತಿತ್ತು. ಮೇಜಿನ ಬಟ್ಟೆಯ ಮೇಲೆ ಎರಡು ಮೂರು ಹಸಿರು ಚೂರು ಬಿದ್ದಿದ್ದವು, ಉಗುರಿನ ಬಣ್ಣ ಕೆರೆದ ಹಾಗೆ.

“ಪೇಂಟು,” ಅಂದರು.

ನನಗೆ ಗೊತ್ತಿರದ ವಿಷಯವೇನಲ್ಲ ಇದು. ಕಪ್ಪು ಫೋನುಗಳ ಮೈ ಬೇಕಲೈಟ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನದು. ಅದು ಸ್ವಭಾವದಲ್ಲೇ ಗಾಢ ಬಣ್ಣದ ವಸ್ತು. ಲಿಯೋ ಬೇಕಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿ ಮಾಡಿದ ಆ ಗಟ್ಟಿ ಪದಾರ್ಥಕ್ಕೆ ಕಪ್ಪು, ಕಂದು ಒಗ್ಗುತ್ತವೆ, ತಿಳಿ ಹಸಿರು ಒಗ್ಗುವುದಿಲ್ಲ. ಅದಕ್ಕೇ ಈ ಸರಣಿಯ ಬಣ್ಣದ ಫೋನುಗಳನ್ನು ಅಕ್ರಿಲಿಕ್ ಅನ್ನುವ ಬೇರೆ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಅದರಲ್ಲಿ ಬಣ್ಣ ಮೈಯೆಲ್ಲಾ ತುಂಬಿರುತ್ತದೆ. ಮುರಿದರೂ ಹಸಿರು, ಕೆರೆದರೂ ಹಸಿರು, ತಿರುಪಿನ ಸಂದಿಯಲ್ಲೂ ಹಸಿರು. ಇದನ್ನೆಲ್ಲಾ ನಾನೇ ಬೇರೆಯವರಿಗೆ ಎಷ್ಟು ಸಲ ಭಾಷಣ ಬಿಗಿದಿಲ್ಲ!

ಸಿಟ್ಟು ಬಂತು. ಮಾರಿದವನಿಗೆ ಆಗಲೇ ಉದ್ದದ ಪತ್ರ ಬರೆದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: “ಹಸಿರು ಫೋನು ಅಂತ ಹಾಕಿದ್ದೆ. ಹಸಿರೇ ಇದೆಯಲ್ಲ?” ಹೌದು. ಅವನು ಬರೆದದ್ದು ಮತ್ತೆ ಓದಿದೆ. ಮೂಲ ಬಣ್ಣ ಅಂತ ಎಲ್ಲೂ ಹೇಳಿರಲಿಲ್ಲ. ಅದನ್ನು ಸೇರಿಸಿಕೊಂಡು ಓದಿದ್ದು ನಾನು.

ಹಿರಿಯರು ಅಷ್ಟರಲ್ಲಿ ಸ್ಕ್ರೂ ಡ್ರೈವರ್ ಹುಡುಕಿಕೊಂಡು ಅಡಿ ಬಿಚ್ಚುತ್ತಿದ್ದರು. “ದುಡ್ಡು ಹೋಯ್ತು. ಒಳಗೇನಿದೆ ಅದನ್ನಾದ್ರೂ ನೋಡೋಣ,” ಅಂದರು. ಒಳಗೆ ಎರಡು ಹಿತ್ತಾಳೆ ಬಟ್ಟಲುಗಳ ಗಂಟೆ, ಸುರುಳಿ, ಕೆಪಾಸಿಟರ್, ಬಟ್ಟೆ ಹೆಣೆದ ವೈರು. ಟಾರ್ಚ್ ಹಿಡಿದು ಮೈಯ ಒಳಗೋಡೆ ನೋಡಿದರು. ಬಿರುಕು ಇದ್ದರೆ ಹೊರಗಿನ ಹೊಳಪಿನಲ್ಲಿ ಕಾಣುವುದಿಲ್ಲ, ಒಳಗಿನಿಂದ ಕೂದಲೆಳೆಯ ಹಾಗೆ ಕಾಣುತ್ತದೆ. ಇರಲಿಲ್ಲ. ರಿಸೀವರ್ ಹಿಡಿಕೆಯ ಮೇಲೆ ಒತ್ತಿದ್ದ ಅಂಕೆ 56, ಅಂದರೆ 1956. ಒಳಗಿನ ಭಾಗವೊಂದರ ಮೇಲೆ ಬೇರೆ ವರ್ಷ. ಇದು ಮೋಸವಲ್ಲ. ಆಗ ಫೋನು ಮನೆಯವರ ಸ್ವತ್ತಲ್ಲ, ಬಾಡಿಗೆಯದ್ದು. ಕೆಟ್ಟರೆ ಇಲಾಖೆ ವಾಪಸು ತಗೊಂಡು, ಇದರ ಡಯಲ್ ಅದಕ್ಕೆ, ಅದರ ರಿಸೀವರ್ ಇದಕ್ಕೆ ಹಾಕಿ ಇನ್ನೊಬ್ಬರಿಗೆ ಕೊಡುತ್ತಿತ್ತು. ಅಮೆರಿಕದ ಬೆಲ್ ಕಂಪನಿಯದ್ದೂ ಇದೇ ಪದ್ಧತಿ. ಆ ಫೋನುಗಳ ಒಂದೊಂದು ಭಾಗದ ಮೇಲೂ ತಿಂಗಳು, ವರ್ಷ ಒತ್ತಿರುತ್ತದೆ. ಎಲ್ಲಾ ಭಾಗಗಳ ತಾರೀಖು ಹೊಂದಿಕೊಂಡರೆ ಬೆಲೆ ಏರುತ್ತದೆ. ಹುಟ್ಟಿದಾಗ ಒಟ್ಟಿಗಿದ್ದವು ಕೊನೆವರೆಗೂ ಒಟ್ಟಿಗೇ ಉಳಿದದ್ದು ಅಪರೂಪ ತಾನೇ.

ಡಯಲ್ ಮಾತ್ರ ಚೆನ್ನಾಗಿತ್ತು. ಅಂಕೆಯ ಜೊತೆ ಅಕ್ಷರಗಳೂ ಇದ್ದ ಹಳೇ ಡಯಲ್. ಬ್ರಿಟನ್ನಿನ ಡಯಲ್ ಅಂತ ಗುರುತು ಹಿಡಿಯೋದು ಸುಲಭ, ‘ಓ’ ಅಕ್ಷರ ಸೊನ್ನೆಯ ಜೊತೆ ಇರುತ್ತದೆ. ಅಮೆರಿಕದ್ದರಲ್ಲಿ ಅದು ಆರರ ಜೊತೆ. ಅಕ್ಷರ ಯಾವುದು, ಅಂಕೆ ಯಾವುದು ಅನ್ನೋ ಗೊಂದಲವೇ ಬೇಡ ಅಂತ ಬ್ರಿಟನ್ನಿನವರು ಎರಡನ್ನೂ ಒಂದೇ ತೂತಿಗೆ ಹಾಕಿಬಿಟ್ಟರು. ನನಗೆ ಇದು ಬಹಳ ಇಷ್ಟವಾದ ಬುದ್ಧಿವಂತಿಕೆ.

ಡಯಲ್ ವಿಷಯ ಬಂದರೆ ಅಮೆರಿಕದ ಆಲ್ಮನ್ ಸ್ಟ್ರೌಜರ್ ನೆನಪಾಗದೆ ಇರುವುದಿಲ್ಲ. ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು. ಎಕ್ಸ್‌ಚೇಂಜಿನ ಆಪರೇಟರ್ ತನ್ನ ಗಿರಾಕಿಗಳ ಕರೆಯನ್ನು ಎದುರಾಳಿಗೆ ತಿರುಗಿಸುತ್ತಿದ್ದಾಳೆ ಅನ್ನೋ ಗುಮಾನಿಯಿಂದ, ಆಪರೇಟರೇ ಬೇಡ ಎನ್ನುವ ಯಂತ್ರ ಕಟ್ಟಿದನಂತೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಗುಮಾನಿ ಪಡುವುದರಿಂದ ಇಷ್ಟೊಂದು ಲಾಭ ಉಂಟು. ನಾನು ಆ ರಾತ್ರಿ ಒಂದೂವರೆಗೆ ಅದರಲ್ಲಿ ಒಂದು ಚೂರು ಬಳಸಿದ್ದರೂ ಸಾಕಿತ್ತು.

“ಪೇಂಟ್ ತೆಗೆದುಬಿಡ್ಲಾ ಸರ್?” ಅಂತ ಕೇಳಿದೆ.

ಅವರು ನನ್ನ ಕಪಾಟಿನ ಕೆಳಗಿನ ಸಾಲಿನ ಕಡೆ ಕಣ್ಣು ಹಾಯಿಸಿದರು. ಅಲ್ಲಿದ್ದದ್ದು ನನ್ನ ಮೊದಲನೇ ಫೋನು. ಮಂಕಾಗಿದೆ ಅಂತ ಅದಕ್ಕೆ ನಾನು ಸ್ಯಾಂಡ್ ಪೇಪರ್ ಹಾಕಿದ್ದೆ. ಉಜ್ಜಿದಷ್ಟೂ ಕಂದು ಪುಡಿ ಬಂತು, ಹೊಳಪು ಮಾತ್ರ ಬರಲಿಲ್ಲ. ಬೇಕಲೈಟಿನ ಹೊಳಪೆಲ್ಲಾ ಮೇಲಿನ ತೆಳು ಪದರದಲ್ಲೇ ಇರುತ್ತದೆ. ಅದು ಹೋದರೆ ಒಳಗೆ ಸೇರಿಸಿದ ಮರದ ಹಿಟ್ಟು ಮೇಲೆ ಬರುತ್ತದೆ. ಆ ಮೇಲೆ ಎಷ್ಟು ಪಾಲಿಶ್ ತಿಕ್ಕಿದರೂ ಮೊದಲಿನ ಹಾಗೆ ಆಗುವುದಿಲ್ಲ. ಅದರ ಅರ್ಧಕ್ಕರ್ಧ ಬೆಲೆಯನ್ನು ನಾನೇ ಒಂದು ಮಧ್ಯಾಹ್ನದಲ್ಲಿ ಉಜ್ಜಿ ತೆಗೆದಿದ್ದೆ.

“ಪೇಂಟ್ ಹಚ್ಚೋಕೆ ಮುಂಚೆ ಅವನೂ ಉಜ್ಜಿದ್ನೋ ಏನೋ,” ಅಂದರು. ಅಷ್ಟೇ ಅಂದರು. ನಾನು ಆ ಮಾತು ಅಲ್ಲಿಗೇ ಬಿಟ್ಟೆ.

ಅವರು ಹೋದ ಮೇಲೆ ಡಯಲ್ ಬಿಚ್ಚಿದೆ. ಒಳಗೆ ವೇಗ ಹಿಡಿದಿಡುವ ಗವರ್ನರ್ ಇರುತ್ತದೆ. ಎರಡು ಪುಟ್ಟ ತೂಕಗಳು ತಿರುಗುತ್ತಾ ಅಗಲವಾಗಿ, ಸುತ್ತಲಿನ ಬಟ್ಟಲಿಗೆ ಉಜ್ಜಿ ಓಟವನ್ನು ತಡೆಯುತ್ತವೆ. ಬಟ್ಟಲಿಗೆ ಎಣ್ಣೆ ತಾಗಬಾರದು, ತಾಗಿದರೆ ಹಿಡಿತ ತಪ್ಪುತ್ತದೆ. ಹಳೇ ಜಿಡ್ಡು ಒರೆಸಿ, ಸೂಜಿಯ ತುದಿಯಲ್ಲಿ ತೆಳು ಎಣ್ಣೆ ಅದ್ದಿ, ತಿರುಗುವ ಕೀಲುಗಳಿಗೆ ಮಾತ್ರ ಇಟ್ಟೆ. ಸೊನ್ನೆ ತಿರುಗಿಸಿದೆ. ಒಂದೂವರೆ ಸೆಕೆಂಡು. ಮತ್ತೆ ಒರೆಸಿದೆ, ಇನ್ನೊಂದು ಚೂರು ಎಣ್ಣೆ. ಹನ್ನೆರಡು ಗಂಟೆ ಹೊತ್ತಿಗೆ ಡಯಲ್ ಝರ್ರನೆ ವಾಪಸು ಬಂತು. ಒಂದು ಸೆಕೆಂಡಿಗೆ ಸ್ವಲ್ಪ ಮೇಲೆ.

ಫೋನು ಈಗಲೂ ನನ್ನ ಹತ್ತಿರ ಇದೆ, ಹಸಿರಾಗಿಯೇ. ಮಾರೋಕೆ ಮನಸ್ಸಿಲ್ಲ. ಮಾರಿದರೂ ಕಪ್ಪು ಫೋನಿನ ಬೆಲೆಯೂ ಬಾರದು. ಯಾರಾದರೂ ಬಂದು “ಓಹೋ, ಹಸಿರು!” ಅಂದರೆ ನಾನು ಏನೂ ಹೇಳುವುದಿಲ್ಲ. ರಿಸೀವರ್ ಅವರ ಕೈಗೆ ಕೊಟ್ಟು, ಮುಚ್ಚಳ ತಿರುಗಿಸಿ ನೋಡಿ ಅನ್ನುತ್ತೇನೆ.