ಮೇ ಕೊನೆಯ ವಾರ ಸೀಲ್ ಮಾಡಿದ ಜಾಯಿಂಟುಗಳು

ಅಂಕೋಲಾ ಕಡೆಯ ಒಂದು ಕಾಂಕ್ರೀಟ್ ರಸ್ತೆಗೆ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಮೇ ಕೊನೆಯ ವಾರ, ಮಳೆಗಾಲ ಹಿಡಿಯುವುದರೊಳಗೆ ಜಾಯಿಂಟುಗಳನ್ನೆಲ್ಲ, ಅಂದರೆ ಸ್ಲ್ಯಾಬುಗಳ ನಡುವಿನ ಸಂದಿಗಳನ್ನೆಲ್ಲ, ಸೀಲಂಟ್ ತುಂಬಿ ಸೀಲ್ ಮಾಡಿ ಮುಗಿಸುವ ಅವಸರ. ಹಿಂದಿನ ರಾತ್ರಿ ಒಂದು ಮಳೆ ಬಿದ್ದಿತ್ತು. ಬೆಳಗಿನ ಬಿಸಿಲಿಗೆ ರಸ್ತೆಯ ಮೈ ಬೆಳ್ಳಗಾಗಿತ್ತು. ಮೇಸ್ತ್ರಿ ಹಳೇ ಪಂಚೆಯ ಚೂರೊಂದನ್ನು ಜಾಯಿಂಟಿನ ಗ್ರೂವಿನೊಳಗೆ ತುರುಕಿ ಎಳೆದು ತೋರಿಸಿದರು. "ಸರ, ಮೇಲೆ ಒಣಗ್ಯದೆ, ಒಳಗೆ ಹಸಿ ಅದೆ. ಇವತ್ತು ಬ್ಯಾಡ." ಕಂಪ್ರೆಸರ್ ಗಾಳಿ ಹೊಡೆದರೆ ಸಾಕು, ಹಾಕಿ ಅಂದೆ.

ಆಗಸ್ಟ್ ಹೊತ್ತಿಗೆ ಸೀಲಂಟ್ ಉದ್ದುದ್ದ ಪಟ್ಟಿಯಾಗಿ ಎದ್ದು ಬಂತು. ಲಾರಿ ಹೋದಾಗಲೆಲ್ಲ ಸ್ಲ್ಯಾಬಿನ ತುದಿ ತುಸು ಕುಸಿದು, ಜಾಯಿಂಟಿನಿಂದ ಕೆಂಪು ನೀರು ಚಿಮ್ಮುತ್ತಿತ್ತು. ಆ ಕೆಂಪು ನಮ್ಮ ಜಂಬಿಟ್ಟಿಗೆ ಮಣ್ಣಿನದು. ಪ್ರತಿ ಚಿಮ್ಮಿಗೂ ಅಡಿಯ ಪದರದ ಸಣ್ಣ ಕಣ ಹೊರಬಿದ್ದು, ಸ್ಲ್ಯಾಬಿನ ತುದಿ ಪೊಳ್ಳಿನ ಮೇಲೆ ನಿಲ್ಲುತ್ತದೆ. ಮೂಲೆ ಒಡೆಯುವುದು ಆಗಲೇ.

ಸೀಲಂಟ್ ಅಂದರೆ ಸಂದಿ ಮುಚ್ಚುವ ಮೆತ್ತುಗೆ ಎಂದುಕೊಂಡಿದ್ದೆ. ಅದು ವರ್ಷವಿಡೀ ಹಿಗ್ಗಿ ಕುಗ್ಗಬೇಕಾದ ವಸ್ತು. ಅಡ್ಡ ಜಾಯಿಂಟು 4.5 ಮೀಟರಿಗೊಂದು ಇದ್ದು, ಕಾಂಕ್ರೀಟಿನ ಉಷ್ಣತೆ 30 ಡಿಗ್ರಿ ಬದಲಾದರೆ, ಪ್ರತಿ ಜಾಯಿಂಟಿಗೆ ಸುಮಾರು 1.35 ಮಿಲಿಮೀಟರ್ ಚಲನೆ ಬರುತ್ತದೆ. ಬಿರುಕು ಬೇಕಾದ ಕಡೆಯೇ ಬೀಳಲೆಂದು ಮೊದಲ ದಿನ ಹೊಡೆಯುವ ಕಟಿಂಗಿನ ಅಗಲ 3 ಮಿಲಿಮೀಟರ್, ಆಳ ಸ್ಲ್ಯಾಬಿನ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗ. ಆ 3 ಮಿಲಿಮೀಟರಿನಲ್ಲೇ ಸೀಲಂಟ್ ತುಂಬಿದರೆ ಅದು ನೂರಕ್ಕೆ 45ರಷ್ಟು ಹಿಗ್ಗಬೇಕು. ಮೇಲ್ಭಾಗವನ್ನು 10 ಮಿಲಿಮೀಟರಿಗೆ ಅಗಲಿಸಿದರೆ ನೂರಕ್ಕೆ 13.5 ಸಾಕು. ಎರಡನೇ ಕಟಿಂಗ್ ಇರುವುದೇ ಇದಕ್ಕೆ.

ಸೀಲಂಟಿನ ಅಡಿಗೆ ತುರುಕುವ ಮೆತ್ತನೆಯ ಫೋಮ್ ಹಗ್ಗ, ಬ್ಯಾಕರ್ ರಾಡ್ ಕೂಡ ಬರೀ ಸೀಲಂಟ್ ಉಳಿಸಲಿಕ್ಕಲ್ಲ. ಸೀಲಂಟ್ ಗ್ರೂವಿನ ಎರಡು ಗೋಡೆಗಳಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿತೋ, ಹಿಗ್ಗಲು ಎಡೆಯಿಲ್ಲದೆ ಹರಿಯುತ್ತದೆ. 10 ಮಿಲಿಮೀಟರ್ ಗ್ರೂವಿಗೆ 12-13ರ ರಾಡ್ ಒತ್ತಿ ಕೂರಿಸಬೇಕು. ಚೂಪಾದ ಸ್ಕ್ರೂಡ್ರೈವರಿನಿಂದ ಒತ್ತಿ ತೂತು ಮಾಡಬಾರದು.

ನಮ್ಮಲ್ಲಿ ರಾಡ್ ಸರಿಯಿತ್ತು, ಅಳತೆ ಸರಿಯಿತ್ತು. ಗೋಡೆ ಒದ್ದೆಯಿತ್ತು, ಸೀಲಂಟ್ ಅಂಟಲೆಂದು ಮೊದಲು ಬಳಿಯುವ ಪ್ರೈಮರ್ ಹಿಡಿಯಲಿಲ್ಲ. ಕಟಿಂಗಿನ ಸಿಮೆಂಟ್ ಕೆಸರನ್ನೂ ಆಗಿಂದಾಗ್ಗೆ ತೊಳೆಸಿರಲಿಲ್ಲ. ಅದು ಗೋಡೆಯ ಮೇಲೆ ಪುಡಿಯಾಗಿ ಕೂತಿತ್ತು.

ನವೆಂಬರಿನಲ್ಲಿ ಎಲ್ಲ ಕಿತ್ತು, ಎರಡೂ ಗೋಡೆಗಳನ್ನು ಬ್ಲೇಡಿನಿಂದ ತೆಳ್ಳಗೆ ಸವರಿ ಮತ್ತೆ ಹಾಕಿದೆವು. ಕಂಪ್ರೆಸರ್ ಗಾಳಿಯನ್ನು ಮೊದಲು ಬಿಳಿ ಬಟ್ಟೆಗೆ ಹಿಡಿದು ಎಣ್ಣೆ, ನೀರು ಬರುತ್ತದೆಯೇ ನೋಡಿದೆವು. ಇಬ್ಬನಿ ಆರಲಿ ಎಂದು ಹತ್ತು ಗಂಟೆಯವರೆಗೆ ಕಾಯುತ್ತಿದ್ದೆವು. ಸೀಲಂಟನ್ನು ರಸ್ತೆ ಮಟ್ಟಕ್ಕಿಂತ 3 ಮಿಲಿಮೀಟರ್ ಕೆಳಗೇ ನಿಲ್ಲಿಸಿದೆವು, ಟೈರು ಎಳೆಯದಂತೆ. ಪ್ರತಿ ಜಾಯಿಂಟಿಗೂ ಮೇಸ್ತ್ರಿ ಪಂಚೆಯ ಚೂರು ಎಳೆದು ತೋರಿಸಿದ ಮೇಲೇ ಪ್ರೈಮರ್ ಡಬ್ಬಿ ಬಿಚ್ಚಿದ್ದು. ಮೂಲೆ ಒಡೆದಿದ್ದ ಎರಡು ಸ್ಲ್ಯಾಬುಗಳನ್ನು ಮಾತ್ರ ಪೂರ್ತಿ ಒಡೆದು ಹೊಸದಾಗಿ ಹಾಕಬೇಕಾಯಿತು.