ತುಕ್ಕು ಕೊನೆಗೂ ಕೆಲಸಕ್ಕೆ ಬಂತು

ಕಾರವಾರದ ಉಪ್ಪುಗಾಳಿಗೆ ಕಿಟಕಿ ಸರಳು ತುಕ್ಕು ಹಿಡಿಯದೆ ಎರಡು ಮಳೆಗಾಲ ಕಳೆದರೆ ದೊಡ್ಡದು. ಅದೇ ಕಬ್ಬಿಣ ಈ ವಾರ ಕರೆಂಟ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ನನ್ನ ಸೆಲ್ಲಿಗೆ ಉಪಕಾರ ಮಾಡಿದೆ.

ಹಿಂದಿನ ಸ್ಟೀಲ್ ಪ್ಲೇಟುಗಳನ್ನು ಕೈಬಿಟ್ಟೆ. ದ್ರಾವಣ ಹಳದಿಯಾಯಿತು, ಅಂದರೆ ಸ್ಟೀಲಿನ ಕ್ರೋಮಿಯಂ ವಿಷವಾಗಿ ಕರಗುತ್ತಿದೆ. ಚರಂಡಿಗೆ ಸುರಿಯುವ ಹಾಗಿಲ್ಲ, ಬಾಟಲಿಗೆ ತುಂಬಿ ಚೀಟಿ ಅಂಟಿಸಿಟ್ಟಿದ್ದೇನೆ. ಪ್ಲಾಟಿನಂ, ಇರಿಡಿಯಂ ನಮ್ಮ ಜೇಬಿಗೆ ಆಗಿಬರೋದಲ್ಲ. ಈಗ ಎರಡೂ ಕಡೆ ನಿಕ್ಕಲ್ ಜಾಲರಿ, ನೀರಿನಲ್ಲಿ ಕರೆಂಟ್ ಹರಿಯಲೆಂದು ಲೀಟರಿಗೆ 56 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್.

ಭಾನುವಾರ ಬರೀ ನಿಕ್ಕಲ್. 0.5 ಆಂಪಿಯರಿಗೆ 2.14 ವೋಲ್ಟ್ ಬೇಕಾಯಿತು. ಲೆಕ್ಕದ ಪ್ರಕಾರ ನೀರು ಒಡೆಯಲು 1.23 ಸಾಕು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಜಾಸ್ತಿ ತಕರಾರು ಆಕ್ಸಿಜನ್ ಕಡೆಯದ್ದೇ. ಅದರ ಒಂದು ಅಣು ಹುಟ್ಟಬೇಕಾದರೆ ನಾಲ್ಕು ಎಲೆಕ್ಟ್ರಾನ್ ಕೀಳಬೇಕು.

ಗೊಬ್ಬರದಂಗಡಿಯಿಂದ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ತಂದೆ. ಒಂದು ಚಿಟಿಕೆ ನೀರಿಗೆ ಹಾಕಿ, ಆಕ್ಸಿಜನ್ ಕಡೆಯ ಜಾಲರಿಯನ್ನು ರಾತ್ರಿಯಿಡೀ ಅದ್ದಿಟ್ಟೆ. ಬೆಳಿಗ್ಗೆ ನೋಡಿದರೆ ಚಹಾ ಕಲೆಯಂಥ ಕಂದು ಪದರ. ಅದೇ 0.5 ಆಂಪಿಯರ್, ಈಗ 2.02 ವೋಲ್ಟ್! ಮೀಟರನ್ನೇ ನಂಬದೆ ಮತ್ತೆರಡು ಸಲ ನೋಡಿದೆ. ನಿಕ್ಕಲ್ ಹೈಡ್ರಾಕ್ಸೈಡಿನೊಳಗೆ ಸ್ವಲ್ಪ ಕಬ್ಬಿಣ ಸೇರಿದರೆ ಆಕ್ಸಿಜನ್ ಸಲೀಸಾಗಿ ಬಿಡುಗಡೆಯಾಗುತ್ತದೆ ಅಂತ ಓದಿದ್ದೆ. ಕಣ್ಣಾರೆ ಕಂಡಿದ್ದು ಈಗ.

ಅರ್ಧ ಗಂಟೆಗೆ 116 ಮಿಲಿ ಹೈಡ್ರೋಜನ್ ಬರಬೇಕಿತ್ತು, ಬೋರಲು ಹಾಕಿದ ಅಳತೆ ಜಾಡಿಯಲ್ಲಿ ಸಿಕ್ಕಿದ್ದು 109. ಅಂಚಿನಿಂದ ಗುಳ್ಳೆಗಳು ನುಸುಳುತ್ತಿವೆ. ಎರಡು ಅನಿಲ ಒಟ್ಟು ಸೇರಿದರೆ ಒಂದು ಕಿಡಿ ಸಾಕು, ಅದಕ್ಕೇ ಬೇರೆಬೇರೆ ಜಾಡಿ, ಕಿಟಕಿ ಪೂರ್ತಿ ತೆರೆದು.

"ಸಮುದ್ರ ಎದುರಿಗೇ ಇದೆಯಲ್ಲೋ, ದುಡ್ಡು ಕೊಟ್ಟು ನೀರು ಯಾಕೆ ತರ್ತೀಯ?" ಅಂದರು ಆಯಿ. ಸುಮ್ನೆ ಒಂದು ಲೋಟ ಸಮುದ್ರದ ನೀರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ತೋರಿಸಿದೆ. ಕೂಡಲೇ ಅಕ್ಕಚ್ಚಿನ ಹಾಗೆ ಬೆಳ್ಳಗಾಯಿತು, ನೀರಿನ ಮೆಗ್ನೀಸಿಯಂ ಅದು. ಕರೆಂಟ್ ಕೊಟ್ಟರೆ ಉಪ್ಪಿನ ಕ್ಲೋರೈಡ್ ಬೇರೆ ಬ್ಲೀಚಿಂಗ್ ಪೌಡರ್ ವಾಸನೆ ಹಬ್ಬಿಸುತ್ತದೆ. ಆಯಿ ಮೂಗು ಮುಚ್ಚಿಕೊಂಡೇ ಒಳಗೆ ಹೋದರು, ನಾನಿನ್ನೂ ಸ್ವಿಚ್ಚೇ ಹಾಕಿರಲಿಲ್ಲ.

ಬುಧವಾರ ವೋಲ್ಟೇಜು 2.06ಕ್ಕೆ ಏರಿದೆ. ತಳದಲ್ಲಿ ಕಂದು ಪುಡಿ ಕಾಣುತ್ತಿದೆ, ಪದರ ಉದುರುತ್ತಿರಬೇಕು. ಮುಂದಿನ ಸಲ ದ್ರಾವಣಕ್ಕೇ ಅನ್ನಭೇದಿ ನೀರಿನ ಎರಡು ಹನಿ ಬಿಟ್ಟು ನೋಡುತ್ತೇನೆ.