ಟೀಬೋ ಗೆದ್ದರೋ, ಎದುರಾಳಿ ಸಡಿಲ ಬಿಟ್ಟರೋ: 2011ರ ಡೆನ್ವರ್ ಪಂದ್ಯಗಳ ಲೆಕ್ಕ ಎಲ್ಲಿಗೆ ಬಂತು

ಅಮೆರಿಕನ್ ಫುಟ್‌ಬಾಲ್ ನೋಡುವವರ ಮಧ್ಯೆ ಟಿಮ್ ಟೀಬೋ ಹೆಸರು ಎತ್ತಿದರೆ ಸಾಕು, ವಾದ ಶುರು. 2011ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡ ಮೊದಲ ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತಿತ್ತು. ಆಮೇಲೆ ಕ್ವಾರ್ಟರ್‌ಬ್ಯಾಕ್ ಜಾಗ, ಅಂದರೆ ಪಾಸ್ ಎಸೆದು ದಾಳಿ ನಡೆಸುವವನ ಜಾಗ, ಟೀಬೋ ಕೈಗೆ ಬಂತು. ಉಳಿದ 11 ಲೀಗ್ ಪಂದ್ಯಗಳಲ್ಲಿ ತಂಡ 7 ಗೆದ್ದಿತು. ಅವರ ಪಾಸ್‌ಗಳಲ್ಲಿ ಗುರಿ ಸೇರಿದ್ದು ಮಾತ್ರ ಶೇಕಡಾ 46.5. ಈ ಅಂಕಿ ನೋಡಿದರೆ ಗೆಲ್ಲುವ ಕ್ವಾರ್ಟರ್‌ಬ್ಯಾಕ್ ಅಂತ ಯಾರೂ ಹೇಳುವುದಿಲ್ಲ. ಆದರೂ ಮಿಯಾಮಿ, ನ್ಯೂಯಾರ್ಕ್ ಜೆಟ್ಸ್, ಸ್ಯಾನ್ ಡಿಯಾಗೋ, ಮಿನ್ನೆಸೋಟ, ಶಿಕಾಗೋ ವಿರುದ್ಧದ ಐದು ಪಂದ್ಯಗಳು ಕೊನೇ ಗಳಿಗೆಯಲ್ಲಿ ಡೆನ್ವರ್ ಕಡೆ ತಿರುಗಿದವು.

ಇದಕ್ಕೆ ಎರಡು ವಿವರಣೆ ಓಡಾಡುತ್ತವೆ. ಒಂದು, ಟೀಬೋ ಅವರ ಗಟ್ಟಿ ಎದೆ. ಇನ್ನೊಂದು, ಎದುರಾಳಿ ತಂಡಗಳು ಕೊನೆಯಲ್ಲಿ ಪ್ರಿವೆಂಟ್ ಡಿಫೆನ್ಸ್‌ಗೆ ಇಳಿದು ತಾವೇ ಬಾಗಿಲು ತೆರೆದವು ಅನ್ನುವುದು. ಗಟ್ಟಿ ಎದೆಯನ್ನು ಅಳೆಯಲು ನನ್ನ ಹತ್ತಿರ ಸಾಧನ ಇಲ್ಲ. ಎರಡನೆಯದನ್ನು ಅಳೆಯಬಹುದು. ಹಾಗಾಗಿ ಈ ಕೆಲಸಕ್ಕೆ ಕೈ ಹಾಕಿದೆ.

ಪ್ರಿವೆಂಟ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮುನ್ನಡೆಯಲ್ಲಿರುವ ತಂಡ ಕೊನೆಯ ನಿಮಿಷಗಳಲ್ಲಿ ಆರೋ ಏಳೋ ಡಿಫೆನ್ಸಿವ್ ಬ್ಯಾಕ್‌ಗಳನ್ನು (ಹಿಂದೆ ನಿಂತು ಪಾಸ್ ತಡೆಯುವವರನ್ನು) ಇಳಿಸುತ್ತದೆ. ಕ್ವಾರ್ಟರ್‌ಬ್ಯಾಕ್ ಮೇಲೆ ಮೂವರೋ ನಾಲ್ವರೋ ಮಾತ್ರ ನುಗ್ಗುತ್ತಾರೆ. ಉಳಿದವರು ಹಿಂದಕ್ಕೆ ಸರಿದು ನಿಲ್ಲುತ್ತಾರೆ. ಕ್ರಿಕೆಟ್‌ನಲ್ಲಿ ಕೊನೆಯ ಓವರ್‌ಗಳಲ್ಲಿ ಫೀಲ್ಡರ್‌ಗಳನ್ನೆಲ್ಲ ಬೌಂಡರಿಗೆ ಕಳಿಸಿ, ಸಿಂಗಲ್ ಬೇಕಾದರೆ ತೊಗೋ ಅಂತ ಬಿಡುತ್ತಾರಲ್ಲ, ಅದೇ ಲೆಕ್ಕ. ದೊಡ್ಡ ಪಾಸ್ ಹೋಗಬಾರದು, ಎದುರಾಳಿ ಸಣ್ಣ ಸಣ್ಣ ಪಾಸ್ ಹಿಡಿದು ಗಡಿಯಾರ ಕರಗಿಸಲಿ, ಅಷ್ಟೇ. ಪ್ರಿವೆಂಟ್ ತಡೆಯುವುದು ನಮ್ಮ ಗೆಲುವನ್ನೇ ಅಂತ ಅಲ್ಲಿಯ ಅಭಿಮಾನಿಗಳಲ್ಲಿ ಹಳೇ ಮಾತೊಂದಿದೆ.

ಡೇಟಾ ಕೆಲಸ

1999ರಿಂದ ಈಚೆಗಿನ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಪಂದ್ಯಗಳ ಪ್ರತಿ ಪ್ಲೇ ವಿವರ ಉಚಿತವಾಗಿ ಸಿಗುತ್ತದೆ. ಎಷ್ಟು ಸಮಯ ಬಾಕಿ, ಯಾರು ಎಷ್ಟು ಮುಂದೆ, ಎಷ್ಟನೇ ಡೌನ್ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಯಾರ್ಡ್ ಸಿಕ್ಕಿತು, ಆ ಕ್ಷಣದಲ್ಲಿ ಗೆಲ್ಲುವ ಸಾಧ್ಯತೆ ಎಷ್ಟಿತ್ತು, ಎಲ್ಲ ಇದೆ. ಆದರೆ ನನಗೆ ಬೇಕಾದದ್ದೇ ಇಲ್ಲ. ಎಷ್ಟು ಜನ ನುಗ್ಗಿದರು, ಬಾಕ್ಸ್‌ನಲ್ಲಿ (ಚೆಂಡಿನ ಎದುರಿನ ಹತ್ತಿರದ ಜಾಗದಲ್ಲಿ) ಎಷ್ಟು ಜನ ನಿಂತಿದ್ದರು ಅನ್ನುವ ಕಾಲಂಗಳು ಶುರುವಾಗುವುದು 2016ರಿಂದ. 2011ಕ್ಕೆ ವಿಡಿಯೋ ನೋಡಿ ಕೈಯಲ್ಲೇ ಬರೆಯಬೇಕು.

ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಸದ್ಯಕ್ಕೆ ಮೂರು ಕಾಲಂ. ನುಗ್ಗಿದವರ ಸಂಖ್ಯೆ. ಅತಿ ಹಿಂದಿನ ಸೇಫ್ಟಿ, ಅಂದರೆ ಡಿಫೆನ್ಸ್‌ನ ಕೊನೆಯ ಕಾವಲುಗಾರ, ಎಷ್ಟು ಯಾರ್ಡ್ ದೂರ ನಿಂತಿದ್ದ. ಪಾಸ್ ಹೋದದ್ದು ಮಧ್ಯಕ್ಕೋ, ಗೆರೆಯ ಪಕ್ಕಕ್ಕೋ. ಮೊದಲನೆಯದು ಸಲೀಸು. ಎರಡನೆಯದು ತಲೆನೋವು. ಟಿವಿ ಕ್ಯಾಮೆರಾ ಚೆಂಡಿನ ಸುತ್ತಲೇ ಇರುತ್ತದೆ, ಸೇಫ್ಟಿಗಳು ಚೌಕಟ್ಟಿನ ಆಚೆ. ಅವರು ಕಾಣಿಸದ ಕಡೆ ಊಹೆ ಮಾಡದೆ ಖಾಲಿ ಬಿಡುತ್ತಿದ್ದೇನೆ. ಸೇಫ್ಟಿ ಕಾಣದೇ ಇರುವುದೂ ಒಂದು ಸುಳಿವೇ ಅಲ್ವಾ, ಅವನು ಅಷ್ಟು ದೂರ ಇದ್ದಾನೆ ಅಂತ. ಆದರೂ ಅದನ್ನು ಅಂಕಿಯಾಗಿ ಬರೆಯಲು ನನಗೆ ಮನಸ್ಸಿಲ್ಲ.

ಮಿಯಾಮಿ, ಅಕ್ಟೋಬರ್ 23

ಇದು ಆ ಋತುವಿನಲ್ಲಿ ಟೀಬೋ ಶುರು ಮಾಡಿದ ಮೊದಲ ಪಂದ್ಯ. ಮೂರು ನಿಮಿಷಕ್ಕಿಂತ ಕಮ್ಮಿ ಉಳಿದಿದ್ದಾಗ ಮಿಯಾಮಿ 15-0 ಮುಂದಿತ್ತು. 2:44 ಇರುವಾಗ ರಿಸೀವರ್ (ಪಾಸ್ ಹಿಡಿಯುವ ಆಟಗಾರ) ಡಿಮೇರಿಯಸ್ ಥಾಮಸ್‌ಗೆ ಟಚ್‌ಡೌನ್ ಪಾಸ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು. 17 ಸೆಕೆಂಡ್ ಇರುವಾಗ ಡೇನಿಯಲ್ ಫೆಲ್ಸ್‌ಗೆ ಇನ್ನೊಂದು. ಓವರ್‌ಟೈಮ್‌ನಲ್ಲಿ ಡೆನ್ವರ್‌ನ ಕಿಕ್ಕರ್ ಮ್ಯಾಟ್ ಪ್ರೇಟರ್ 52 ಯಾರ್ಡ್ ಕಿಕ್ (ಕಂಬಗಳ ನಡುವೆ ಒದೆಯುವ ಮೂರು ಅಂಕದ ಫೀಲ್ಡ್ ಗೋಲ್) ಹೊಡೆದು 18-15.

ಪ್ರಿವೆಂಟ್ ವಾದಕ್ಕೆ ಎಲ್ಲರೂ ಮೊದಲು ಎತ್ತಿಕೊಳ್ಳುವುದು ಇದೇ ಪಂದ್ಯವನ್ನು. ಆದರೆ ಒಂದೊಂದೇ ಪ್ಲೇ ಬಿಡಿಸಿದಾಗ ಡಿಫೆನ್ಸ್‌ಗೆ ಸಂಬಂಧವೇ ಇಲ್ಲದ ತಿರುವುಗಳು ಕಾಣುತ್ತವೆ. ಎರಡು ಟಚ್‌ಡೌನ್ ನಡುವೆ ಡೆನ್ವರ್ ಆನ್‌ಸೈಡ್ ಕಿಕ್ (ತಾನೇ ಮತ್ತೆ ಹಿಡಿಯಲೆಂದು ಒದೆಯುವ ಸಣ್ಣ ಕಿಕ್) ಮಾಡಿ ಚೆಂಡನ್ನು ತಾನೇ ಹಿಡಿಯಿತು. ಅದು ಮಿಯಾಮಿ ಕೈಗೆ ಸಿಕ್ಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಓವರ್‌ಟೈಮ್‌ನಲ್ಲಿ ಮಿಯಾಮಿಯ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಮೂರ್ ಕೈಯಿಂದ ಡಿ.ಜೆ. ವಿಲಿಯಮ್ಸ್ ಚೆಂಡು ಕಿತ್ತರು. ಅದು ಡೆನ್ವರ್ ಡಿಫೆನ್ಸ್‌ನ ಕೆಲಸ.

ಈ ಪಂದ್ಯದಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಎರಡನೇ ಟಚ್‌ಡೌನ್ ಆದ ಮೇಲೆ ಸ್ಕೋರ್ ಸಮ ಮಾಡಿದ ಎರಡು ಅಂಕದ ಹೆಚ್ಚುವರಿ ಪ್ರಯತ್ನ. ಡೆನ್ವರ್ ತನ್ನ ಆಟಗಾರರನ್ನು ಅಗಲಕ್ಕೆ ಹರಡಿ ನಿಲ್ಲಿಸಿತು. ಅವರ ಹಿಂದೆ ಮಿಯಾಮಿಯವರೂ ಹರಡಿಕೊಂಡರು. ಮಧ್ಯ ತೆರವಾಯಿತು. ಟೀಬೋ ಪಾಸ್ ಮಾಡಲೇ ಇಲ್ಲ, ಚೆಂಡು ಹಿಡಿದು ತಾವೇ ನುಗ್ಗಿದರು. ಇಲ್ಲಿ ಎದುರಾಳಿ ತಾನಾಗಿ ಸಡಿಲ ಬಿಡಲಿಲ್ಲ, ಡೆನ್ವರ್ ಸಡಿಲ ಮಾಡಿಸಿತು. ಹೀಗಾಗಿ ನಾಲ್ಕನೇ ಕಾಲಂ ಸೇರಿಸಿದ್ದೇನೆ: ಡೆನ್ವರ್ ಎಷ್ಟು ರಿಸೀವರ್‌ಗಳನ್ನು ಅಗಲಕ್ಕೆ ನಿಲ್ಲಿಸಿತ್ತು ಅಂತ.

ಜೆಟ್ಸ್, ನವೆಂಬರ್ 17

ಪ್ರಿವೆಂಟ್ ವಾದ ಇಲ್ಲಿಗೆ ಬಂದಾಗ ನೇರವಾಗಿ ಗೋಡೆಗೆ ಬಡಿಯುತ್ತದೆ.

ಜೆಟ್ಸ್ 13-10 ಮುಂದಿದೆ. ಆರು ನಿಮಿಷಕ್ಕೂ ಕಮ್ಮಿ ಬಾಕಿ. ಡೆನ್ವರ್ ಇರುವುದು ತನ್ನದೇ 5 ಯಾರ್ಡ್ ಗೆರೆಯಲ್ಲಿ. ಅಲ್ಲಿವರೆಗೆ ಡೆನ್ವರ್‌ನ ಒಂದೇ ಟಚ್‌ಡೌನ್ ಬಂದಿದ್ದು ಡಿಫೆನ್ಸ್‌ನ ಕಾರ್ನರ್‌ಬ್ಯಾಕ್ ಆಂಡ್ರೇ ಗುಡ್‌ಮನ್ ಎದುರಾಳಿಯ ಪಾಸನ್ನು ಇಂಟರ್‌ಸೆಪ್ಟ್ ಮಾಡಿ (ನಡುವೆಯೇ ಹಿಡಿದು) ಓಡಿದ್ದರಿಂದ. ಅಲ್ಲಿಂದ ಟೀಬೋ 12 ಪ್ಲೇಗಳಲ್ಲಿ 95 ಯಾರ್ಡ್ ಹೋದರು, ಅದರಲ್ಲಿ ದೊಡ್ಡ ಪಾಲು ಸ್ವಂತ ಓಟ.

ಕೊನೆಯ ಪ್ಲೇ ಎಷ್ಟು ಸಲ ನೋಡಿದರೂ ಸಾಲದು. ಜೆಟ್ಸ್‌ನ 20 ಯಾರ್ಡ್ ಗೆರೆ. ಮೂರನೇ ಡೌನ್, 4 ಯಾರ್ಡ್ ಬೇಕು. ಒಂದು ನಿಮಿಷ ಚಿಲ್ಲರೆ ಉಳಿದಿದೆ. ಇಲ್ಲಿ ನಿಲ್ಲಿಸಿದರೆ ಡೆನ್ವರ್ ಸಮ ಮಾಡಲು ಫೀಲ್ಡ್ ಗೋಲ್ ಹೊಡೆಯಬೇಕು. ಕೋಚ್ ರೆಕ್ಸ್ ರಯಾನ್ ಅವರ ಜೆಟ್ಸ್ ತಂಡ ಹಿಂದೆ ಸರಿಯಲಿಲ್ಲ, ಪೂರಾ ಬ್ಲಿಟ್ಜ್ (ಹಿಂದಿನವರನ್ನೂ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದು) ಕಳಿಸಿತು. ಹಿಂದೆ ಕಾಯಲು ಯಾರನ್ನೂ ಉಳಿಸಲಿಲ್ಲ. ಅಂಚಿನಿಂದ ಬಂದ ಸೇಫ್ಟಿ ಎರಿಕ್ ಸ್ಮಿತ್ ಒಳಕ್ಕೆ ತಿರುಗಿದ್ದೇ ತಡ, ಟೀಬೋ ಸ್ಮಿತ್‌ರನ್ನು ಹೊರಗಿನಿಂದ ಸುತ್ತಿ ಎಡಕ್ಕೆ ಕಿತ್ತರು. ಆ ಕಡೆ ಯಾರೂ ಇಲ್ಲ. 20 ಯಾರ್ಡ್ ಓಟ, ಟಚ್‌ಡೌನ್, 58 ಸೆಕೆಂಡ್ ಬಾಕಿ, 17-13.

ಜೆಟ್ಸ್ ಮಾಡಿದ್ದು ಪ್ರಿವೆಂಟ್‌ಗೆ ತದ್ವಿರುದ್ಧ. ಸ್ಮಿತ್ ಜೊತೆಗೆ ಇನ್ನೊಬ್ಬ ಸೇಫ್ಟಿ 15 ಯಾರ್ಡ್ ಹಿಂದೆ ನಿಂತಿದ್ದರೆ ಈ ಓಟ ಟಚ್‌ಡೌನ್ ಆಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅಂದರೆ ಇಲ್ಲಿ ಸಡಿಲ ಡಿಫೆನ್ಸೇ ಒಳ್ಳೆಯದಿತ್ತು. ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಮುಂದೆ ನಿಂತಾಗ ಎಷ್ಟು ಜನ ನುಗ್ಗಿದರು ಅನ್ನುವುದಕ್ಕಿಂತ, ನುಗ್ಗಿದವರು ತಮ್ಮ ತಮ್ಮ ದಾರಿ ಬಿಡದೆ ಕಾಯ್ದರಾ ಅನ್ನುವುದೇ ಮುಖ್ಯ. ಇದನ್ನು ಅಂಕಿಯಲ್ಲಿ ಹಿಡಿಯುವುದು ಹೇಗೆ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಸ್ಯಾನ್ ಡಿಯಾಗೋ, ಮಿನ್ನೆಸೋಟ

ಇವೆರಡೂ ಬೇಗ ಮುಗಿದವು. ನವೆಂಬರ್ 27ರಂದು ಸ್ಯಾನ್ ಡಿಯಾಗೋದಲ್ಲಿ ಟೀಬೋ 22 ಸಲ ಓಡಿದರು. ಓವರ್‌ಟೈಮ್‌ನಲ್ಲಿ ಎದುರಾಳಿಯ 53 ಯಾರ್ಡ್ ಕಿಕ್ ತಪ್ಪಿತು, ಪ್ರೇಟರ್ 37 ಯಾರ್ಡ್ ಹೊಡೆದರು, 16-13. ಡಿಸೆಂಬರ್ 4ರಂದು ಮಿನ್ನೆಸೋಟದಲ್ಲಿ ಎರಡೂ ಕಡೆ 32 ಇದ್ದಾಗ ಕ್ರಿಶ್ಚಿಯನ್ ಪಾಂಡರ್ ಪಾಸನ್ನು ಗುಡ್‌ಮನ್ ಹಿಡಿದರು, ಪ್ರೇಟರ್ ಹತ್ತಿರದಿಂದ ಕಿಕ್ ಹೊಡೆದರು. ಗೆಲುವಿನ ಕಿಕ್‌ಗೆ ದಾರಿ ಮಾಡಿದ್ದು ಆ ಇಂಟರ್‌ಸೆಪ್ಷನ್, ಎದುರಾಳಿಯ ಡಿಫೆನ್ಸ್ ತಂತ್ರ ಅಲ್ಲ. ಇನ್ನೊಂದು ವಿಷಯ. ಡೆನ್ವರ್ ಸಮುದ್ರ ಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ಎದುರಾಳಿಗಳಿಗೆ ಕೊನೆಯಲ್ಲಿ ಉಸಿರು ಸಿಗಲಿಲ್ಲ ಅಂತ ಹೇಳುವವರಿದ್ದಾರೆ. ಐದರಲ್ಲಿ ಮೂರು ಪಂದ್ಯ ನಡೆದದ್ದೇ ಹೊರ ಊರಿನಲ್ಲಿ. ಆ ವಾದ ನಿಲ್ಲುವುದಿಲ್ಲ.

ಶಿಕಾಗೋ, ಡಿಸೆಂಬರ್ 11

ಈ ಪಂದ್ಯಕ್ಕೇ ನಾನು ಜಾಸ್ತಿ ಸಮಯ ಕೊಟ್ಟಿದ್ದು. ಪ್ರಿವೆಂಟ್ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಮೊದಲ ಮೂರು ಕ್ವಾರ್ಟರ್‌ನಲ್ಲಿ ಟೀಬೋ 16 ಪಾಸ್‌ಗಳಲ್ಲಿ 3 ಮಾತ್ರ ಮುಟ್ಟಿಸಿದ್ದರು, 45 ಯಾರ್ಡ್. ನಾಲ್ಕನೇ ಕ್ವಾರ್ಟರ್ ಮತ್ತು ಓವರ್‌ಟೈಮ್ ಸೇರಿ 24ರಲ್ಲಿ 18, 191 ಯಾರ್ಡ್. ಈ ಅಂಕಿ ಮುಂದಿಟ್ಟರೆ ಯಾರಿಗಾದರೂ ಅನುಮಾನ ಬರಲೇಬೇಕು. 10-0 ಮುಂದಿದ್ದ ಶಿಕಾಗೋ ಬೇರ್ಸ್ ಕೊನೆಯಲ್ಲಿ ಲೈನ್‌ಬ್ಯಾಕರ್‌ಗಳನ್ನು (ಡಿಫೆನ್ಸ್‌ನ ನಡುವಿನ ಸಾಲಿನವರನ್ನು) ಹಿಂದಕ್ಕೆ ಕಳಿಸಿ ಮಧ್ಯದಲ್ಲಿ ಜಾಗ ಬಿಟ್ಟಿತು. ಮೊದಲಿನ ಆ ಕೆಟ್ಟ ಅಂಕಿಯಲ್ಲಿ ಟೀಬೋ ಒಬ್ಬರದೇ ಪಾಲಿಲ್ಲ ಅನ್ನುವುದನ್ನೂ ಬರೆದುಕೊಂಡಿದ್ದೇನೆ. ಥಾಮಸ್ ಕೈಗೆ ಬಂದ ಪಾಸ್‌ಗಳನ್ನು ಕೈಚೆಲ್ಲಿದ್ದರು.

ಆದರೆ ಸಡಿಲ ಬಿಟ್ಟದ್ದಕ್ಕೆ ಬೇರ್ಸ್ ಕೊಟ್ಟ ಬೆಲೆ ಏನು? ಇದನ್ನು ಹಂತ ಹಂತವಾಗಿ ನೋಡಬೇಕು. 2:08 ಇರುವಾಗ ಟಚ್‌ಡೌನ್ ಹೋಯಿತು, 10-7. ಆನ್‌ಸೈಡ್ ಕಿಕ್ ಬೇರ್ಸ್ ಕೈಗೇ ಬಂತು. ಡೆನ್ವರ್ ಹತ್ತಿರ ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಉಳಿದಿಲ್ಲ. ಇಲ್ಲಿವರೆಗೆ ಪ್ರಿವೆಂಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅಂಕ ಕೊಟ್ಟು ಸಮಯ ಕೊಂಡಿದೆ. ಆಗ ಬೇರ್ಸ್‌ನ ಮೇರಿಯನ್ ಬಾರ್ಬರ್ ಚೆಂಡು ಹಿಡಿದು ಓಡುತ್ತಾ ಗೆರೆಯಾಚೆ ಹೋದರು. ಗಡಿಯಾರ ನಿಂತಿತು. ಮೈದಾನದೊಳಗೇ ಬಿದ್ದಿದ್ದರೆ ಹೆಚ್ಚುಕಮ್ಮಿ 40 ಸೆಕೆಂಡ್ ಹೋಗುತ್ತಿತ್ತು. ಡೆನ್ವರ್‌ಗೆ ಚೆಂಡು ಸಿಕ್ಕಾಗ ಉಳಿದಿದ್ದು 56 ಸೆಕೆಂಡ್. 56ರಲ್ಲಿ 40 ಕಳೆಯಿರಿ.

ಆ 56 ಸೆಕೆಂಡ್‌ನಲ್ಲೂ ಬೇರ್ಸ್ ಡಿಫೆನ್ಸ್ ಡೆನ್ವರನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ. ಪ್ರೇಟರ್ 59 ಯಾರ್ಡ್‌ನಿಂದ ಕಿಕ್ ಹೊಡೆಯಬೇಕಾಯಿತು. ಆಗಿನ ಲೀಗ್ ದಾಖಲೆಯೇ 63 ಯಾರ್ಡ್. ಎದುರಾಳಿಯಿಂದ 59 ಯಾರ್ಡ್ ಕಿಕ್ ಹೊಡೆಸುವುದು ಯಾವ ಕೋಚ್‌ಗಾದರೂ ಒಪ್ಪಿಗೆಯಾಗುವ ವ್ಯಾಪಾರ. ಪ್ರೇಟರ್ ಹೊಡೆದರು. ಎರಡು ವರ್ಷದ ಮೇಲೆ ಇದೇ ಮೈದಾನದಲ್ಲಿ 64 ಯಾರ್ಡ್ ಹೊಡೆದು ದಾಖಲೆಯನ್ನೇ ಮುರಿದ ಕಾಲು ಅದು. ಓವರ್‌ಟೈಮ್‌ನಲ್ಲಿ ಕಿಕ್ ಹೊಡೆಯುವಷ್ಟು ಹತ್ತಿರ ಬಂದಿದ್ದ ಬೇರ್ಸ್ ಪರ ಬಾರ್ಬರ್ ಚೆಂಡು ಕೈಬಿಟ್ಟರು. ಪ್ರೇಟರ್ ಮತ್ತೆ 51 ಯಾರ್ಡ್, 13-10.

ಹಾಗಾಗಿ ಶಿಕಾಗೋ ಸಾಲಿನಲ್ಲಿ ನಾನು ಬರೆದದ್ದು ಇಷ್ಟು: ಟೀಬೋ ಅಂಕಿ ಏರಿದ್ದಕ್ಕೆ ಸಡಿಲ ಡಿಫೆನ್ಸ್ ಕಾರಣ, ಹೌದು. ಪಂದ್ಯ ಗೆದ್ದದ್ದಕ್ಕೆ ಅದೊಂದೇ ಕಾರಣ, ಅಲ್ಲ. ಎಲ್ಲರೂ ಬೆರೆಸುವುದು ಈ ಎರಡನ್ನೇ.

ಪಿಟ್ಸ್‌ಬರ್ಗ್ ಪಂದ್ಯವನ್ನು ಹೊರಗಿಟ್ಟದ್ದು ಯಾಕೆ

2012ರ ಜನವರಿ 8ರ ಪ್ಲೇಆಫ್ ಪಂದ್ಯ ಯಾಕೆ ಪಟ್ಟಿಯಲ್ಲಿಲ್ಲ ಅಂತ ಕೇಳುವವರು ಇರುತ್ತಾರೆ. ಓವರ್‌ಟೈಮ್‌ನ ಮೊದಲ ಪ್ಲೇಯಲ್ಲೇ ಥಾಮಸ್‌ಗೆ 80 ಯಾರ್ಡ್ ಟಚ್‌ಡೌನ್, 29-23. ಮರೆಯುವಂಥದ್ದಲ್ಲ. ಆದರೆ ಮಧ್ಯಂತರಕ್ಕೆ 20-6 ಮುಂದಿದ್ದದ್ದು ಡೆನ್ವರ್. ಹಿಂದಿನಿಂದ ಬಂದು 23-23 ಮಾಡಿದ್ದು ಪಿಟ್ಸ್‌ಬರ್ಗ್ ಸ್ಟೀಲರ್ಸ್. ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ, ಯಾಕೆಂದರೆ ಆ ಪ್ಲೇಯಲ್ಲೂ ಡಿಫೆನ್ಸ್ ಹಿಂದೆ ಸರಿದಿರಲಿಲ್ಲ. ಓಟ ತಡೆಯಲು ಸೇಫ್ಟಿ ಮುಂದಕ್ಕೆ ಬಂದಿದ್ದರು. ಓಟ ಅಂತ ತೋರಿಸಿ ಟೀಬೋ ಪಾಸ್ ಎಸೆದರು. ಥಾಮಸ್ ಕಾರ್ನರ್‌ಬ್ಯಾಕ್ ಐಕ್ ಟೇಲರ್ ಅವರ ಒಳಗಿನಿಂದ ದಾಟಿಕೊಂಡರು, ಹಿಂದೆ ಹಿಡಿಯಲು ಯಾರೂ ಇರಲಿಲ್ಲ. ಆ ಋತುವಿನಲ್ಲಿ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಅದು.

ಈಗ ಎಲ್ಲಿದ್ದೇನೆ

ಐದು ಪಂದ್ಯಕ್ಕೂ ಹೊಂದುವ ಕಾರಣ ಪ್ರಿವೆಂಟ್ ಅಲ್ಲ. ಹೆಚ್ಚುಕಮ್ಮಿ ಹೊಂದುವುದು ಬೇರೆ ಎರಡು. ಕೊನೆಯವರೆಗೂ ಡೆನ್ವರ್ ಪಂದ್ಯದಿಂದ ಆಚೆ ಬೀಳಲಿಲ್ಲ, ಇದರಲ್ಲಿ ಡಿಫೆನ್ಸ್ ಪಾಲು ದೊಡ್ಡದು. ಮತ್ತೆ ಐದರಲ್ಲಿ ನಾಲ್ಕನ್ನು ಮುಗಿಸಿದ್ದು ಪ್ರೇಟರ್ ಕಾಲು. ಡೆಟ್ರಾಯಿಟ್ ವಿರುದ್ಧ 45-10, ಪೇಟ್ರಿಯಟ್ಸ್ ವಿರುದ್ಧ 41-23, ಬಫಲೋ ವಿರುದ್ಧ 40-14 ಸೋತಾಗ ಕೊನೇ ಗಳಿಗೆಯ ಮಾತೇ ಬರಲಿಲ್ಲ.

ಟೀಬೋ ಪಾಲು ಸುಮ್ನೆ ಅಂತಲೂ ಅಲ್ಲ. ಜೆಟ್ಸ್ ವಿರುದ್ಧದ 95 ಯಾರ್ಡ್ ಬೇರೆ ಯಾರೂ ಕೊಟ್ಟದ್ದಲ್ಲ. ಕೋಚ್ ಜಾನ್ ಫಾಕ್ಸ್ ಮತ್ತು ದಾಳಿ ವಿಭಾಗದ ಕೋಚ್ ಮೈಕ್ ಮೆಕಾಯ್ ಡೆಟ್ರಾಯಿಟ್ ಸೋಲಿನ ಮೇಲೆ ಆಟದ ರೀತಿಯನ್ನೇ ಬದಲಾಯಿಸಿ, ಕ್ವಾರ್ಟರ್‌ಬ್ಯಾಕ್ ಓಡುವ ರೀಡ್ ಆಪ್ಷನ್ ತಂದರು. ಅವರ ಹೆಸರನ್ನು ಈ ಚರ್ಚೆಯಲ್ಲಿ ಯಾರೂ ತೆಗೆಯುವುದಿಲ್ಲ, ನನಗೆ ಅದು ಬೇಸರ.

ದೊಡ್ಡ ಕೆಲಸ ಇನ್ನೂ ಮುಂದಿದೆ. ಪ್ರಿವೆಂಟ್ ಕೈಕೊಟ್ಟ ಪಂದ್ಯ ಎಲ್ಲರಿಗೂ ನೆನಪಿರುತ್ತದೆ, ಕೈಹಿಡಿದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ. ಬರೀ ಗೆದ್ದ ಪಂದ್ಯ ನೋಡುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಅದಕ್ಕೆ 2011ರಲ್ಲಿ ಲೀಗ್‌ನ ಎಲ್ಲ ತಂಡಗಳ ಡ್ರೈವ್‌ಗಳನ್ನು (ಚೆಂಡು ಒಂದು ತಂಡದ ಕೈಯಲ್ಲಿದ್ದಷ್ಟು ಹೊತ್ತಿನ ಪ್ಲೇಗಳ ಸರಣಿ) ತೆಗೆಯುತ್ತಿದ್ದೇನೆ: ಕೊನೆಯ ಐದು ನಿಮಿಷ, 1ರಿಂದ 8 ಅಂಕ ಹಿಂದೆ. ಅದೇ ಸ್ಥಿತಿಯಲ್ಲಿ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು ಏನು ಮಾಡಿದರು ಅಂತ ಪಕ್ಕದಲ್ಲಿಟ್ಟು ನೋಡಬೇಕು. ಮಿಯಾಮಿ, ಶಿಕಾಗೋ ಪಂದ್ಯಗಳ ಮೊದಲ ಟಚ್‌ಡೌನ್ ಡ್ರೈವ್ ಈ ಜರಡಿಯಲ್ಲಿ ಬೀಳುವುದಿಲ್ಲ, ಎರಡು ಸಲ ಅಂಕ ಬೇಕಾದ ಡ್ರೈವ್‌ಗಳಿಗೆ ಬೇರೆ ಹಾಳೆ ಮಾಡುತ್ತೇನೆ. ಆಮೇಲೆ 2016ರಿಂದ ಈಚಿನ ಡೇಟಾದಲ್ಲಿ, ಮುಂದಿರುವ ತಂಡ ಮೂವರನ್ನು ನುಗ್ಗಿಸಿದಾಗ ಎಷ್ಟು ಸಲ ಮುನ್ನಡೆ ಉಳಿಯಿತು, ನಾಲ್ವರನ್ನು ನುಗ್ಗಿಸಿದಾಗ ಎಷ್ಟು ಸಲ ಅನ್ನುವ ಲೆಕ್ಕ. ಸ್ಯಾನ್ ಡಿಯಾಗೋ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಲ್ಲಿ ಸೇಫ್ಟಿ ಕಾಲಂ ಸುಮಾರು ಖಾಲಿ ಇದೆ. ಮೈದಾನ ಪೂರ್ತಿ ಕಾಣುವ ವಿಡಿಯೋ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಮೊದಲು ಅದನ್ನೇ ತುಂಬುತ್ತೇನೆ.